ಹಾರ ಬೆಳೆದದ್ದು ಏಕೆ?

ವಾಣಿಜ್ಯ ಶಾಖೆಯವನು ವಿಜ್ಞಾನದ ಮೇಲೆ ಲೇಖನ ಬರೆಯುವುದು ಅಧಿಕಪ್ರಸಂಗ ಎಂದು ನಮ್ಮ ವಿಜ್ಞಾನ ಶಾಖೆಯ ಮಿತ್ರರಿಗೆ ಅನ್ನಿಸಬಹುದು. ಅನ್ನಿಸಲಿ. ಈ ವಿಷಯ ನಾನು ಪುಸ್ತಕದ ಹುಚ್ಚಿನಿಂದ ಹಿಡಿದದ್ದಲ್ಲ. ಒಂದು ತಪ್ಪು ಮಾಡಿದೆ, ಆ ತಪ್ಪಿನ ಬೆನ್ನು ಹತ್ತಿ ಹೋದಾಗ ಇದು ಸಿಕ್ಕಿತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಎರಡು ಮಳೆಗಾಲದ ಹಿಂದೆ ನನ್ನ ತಮ್ಮನಿಗೆ ಕಾಮಾಲೆ ಆಯಿತು. ಕಣ್ಣು ಅರಿಶಿನ ಬಣ್ಣ, ಅನ್ನ ಕಂಡರೆ ವಾಕರಿಕೆ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಇದು ಕೆಟ್ಟ ನೀರಿನಿಂದ ಬರುವ ಕಾಮಾಲೆ, ಇದಕ್ಕೆಂದೇ ಬೇರೆ ಔಷಧ ಇಲ್ಲ, ಕುದಿಸಿದ ನೀರು, ಹಗುರ ಊಟ, ವಿಶ್ರಾಂತಿ ಸಾಕು, ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ ಎಂದರು. ನಮ್ಮವ್ವ ಕೇಳಬೇಕಲ್ಲ! ಮಲಾಡಿನ ನಮ್ಮ ಚಾಳಿನ ಹಿಂದಿನ ಓಣಿಯಲ್ಲಿ ಒಬ್ಬ ಅಜ್ಜ ಕಾಮಾಲೆಗೆ ಹಾರ ಕಟ್ಟಿಕೊಡುತ್ತಾನೆ. ಯಾವುದೋ ಗಿಡದ ಹಸಿ ಕಡ್ಡಿಗಳನ್ನು ಚಿಕ್ಕಚಿಕ್ಕದಾಗಿ ಮುರಿದು ದಾರದಲ್ಲಿ ಗಂಟು ಹಾಕಿ ಮಾಡಿದ ಹಾರ. ಕೊರಳಿಗೆ ಹಾಕಿದರೆ ದಿನದಿನಕ್ಕೆ ಅದು ಉದ್ದ ಆಗುತ್ತದೆ. ಹಾರ ಬೆಳೆದ ಹಾಗೆಲ್ಲ ಮೈಯೊಳಗಿನ ಕಾಮಾಲೆಯನ್ನು ಅದು ಎಳೆದುಕೊಳ್ಳುತ್ತದೆ ಎಂದು ನಂಬಿಕೆ. ಅಜ್ಜ ದುಡ್ಡು ಮುಟ್ಟುವುದಿಲ್ಲ. ವಾಸಿ ಆದ ಮೇಲೆ ಒಂದು ತೆಂಗಿನಕಾಯಿ, ಅಷ್ಟೆ.

ಹಾರ ಬೆಳೆಯಿತು. ತಮ್ಮ ಮೂರು ವಾರದಲ್ಲಿ ಎದ್ದು ಓಡಾಡಿದ. ಡಾಕ್ಟರು ಹೇಳಿದ್ದೂ ಅದೇ ಲೆಕ್ಕ ಎಂಬುದು ನಮಗೆ ಮರೆತೇಹೋಯಿತು. ಹಾರ ಮಾತ್ರ ನೆನಪಿನಲ್ಲಿ ಉಳಿಯಿತು. ಕಣ್ಣಾರೆ ಕಂಡವನು ನಾನು. ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಮುಂದಿನ ಮಳೆಗಾಲದಲ್ಲಿ ನನ್ನ ಗೆಳೆಯನೊಬ್ಬ ಮಲಾಡ್ ಸಬ್‌ವೇ ತುಂಬಿದ ದಿನ ತೊಡೆಮಟ್ಟದ ನೀರಿನಲ್ಲಿ ನಡೆದು ಮನೆ ಸೇರಿದ. ವಾರ ಕಳೆದ ಮೇಲೆ ಜ್ವರ ಬಂತು, ಮೀನಖಂಡ ಮುಟ್ಟಿದರೆ ಚೀರುವಷ್ಟು ನೋವು, ಆಮೇಲೆ ಕಣ್ಣು ಹಳದಿ. "ಕಾಮಾಲೆ ಕಣೋ, ಹೆದರಬೇಡ" ಎಂದು ಅಜ್ಜನ ಹತ್ತಿರ ಕರೆದುಕೊಂಡು ಹೋದವನು ನಾನೇ. ನಾಲ್ಕು ದಿನ ಕಳೆದವು. ಐದನೆಯ ದಿನ ಅವನಿಗೆ ಮೂತ್ರ ನಿಂತಿತು. ಪರೇಲಿನ ದೊಡ್ಡ ಆಸ್ಪತ್ರೆಗೆ ಹೊತ್ತು ಹಾಕಿದೆವು. ಅದು ಇಲಿ ಜ್ವರ. ಲೆಪ್ಟೋಸ್ಪೈರೋಸಿಸ್ ಎನ್ನುತ್ತಾರೆ. ಇಲಿ ಹೆಗ್ಗಣಗಳ ಮೂತ್ರ ಬೆರೆತ ನೀರಿನಿಂದ, ಕಾಲಿನ ಸಣ್ಣ ಗಾಯದ ಮೂಲಕ ರೋಗಾಣು ಒಳಗೆ ಹೋಗುತ್ತದೆ. ಬೇಗ ಔಷಧ ಸಿಕ್ಕರೆ ಸಾಧಾರಣವಾಗಿ ಇಳಿಯುವ ರೋಗ. ತಡವಾದರೆ ಮೂತ್ರಪಿಂಡ ಹಿಡಿಯುತ್ತದೆ. ಡಯಾಲಿಸಿಸ್ ಮಾಡಿ ಉಳಿಸಿದರು. "ಮೊದಲೇ ಯಾಕೆ ತರಲಿಲ್ಲ?" ಎಂದು ಕೇಳಿದ ಡಾಕ್ಟರಿಗೆ ನಾನು ಉತ್ತರ ಕೊಡಲಿಲ್ಲ. ಆಗಲೂ ಅವನ ಕೊರಳಲ್ಲಿ ಹಾರ ಇತ್ತು. ಅದು ಚೆನ್ನಾಗಿ ಉದ್ದ ಬೆಳೆದಿತ್ತು.

ಅಲ್ಲಿ ನನಗೆ ಮೊದಲ ಸಲ ಅನುಮಾನ ಹುಟ್ಟಿತು. ರೋಗ ಇಳಿದರೂ ಹಾರ ಬೆಳೆಯುತ್ತದೆ, ರೋಗ ಏರಿದರೂ ಬೆಳೆಯುತ್ತದೆ ಅಂದರೆ ಹಾರಕ್ಕೂ ರೋಗಕ್ಕೂ ಏನು ಸಂಬಂಧ? ಇನ್ನೂ ಹಿಂದಿನ ಒಂದು ಪ್ರಶ್ನೆ: ಹಾರ ಹಾಕದೇ ಇದ್ದಿದ್ದರೆ ನನ್ನ ತಮ್ಮನಿಗೆ ಏನಾಗುತ್ತಿತ್ತು?

ಮಿತ್ರರೇ, ಜೀವಶಾಸ್ತ್ರಜ್ಞರು ಮಾಡುವ ನಿಯಂತ್ರಿತ ಪ್ರಯೋಗ ಎಂಬುದೆಲ್ಲ ಈ ಒಂದು ಪ್ರಶ್ನೆಯ ಸುತ್ತ ಕಟ್ಟಿದ್ದು. "ಅದು ಇಲ್ಲದೇ ಇದ್ದಿದ್ದರೆ?" ಎಂದು ಕೇಳುವುದು ಸುಲಭ. ಉತ್ತರ ಪಡೆಯುವುದು ಕಷ್ಟ, ಏಕೆಂದರೆ ಒಬ್ಬನೇ ತಮ್ಮ ಒಂದೇ ಕಾಲದಲ್ಲಿ ಹಾರ ಹಾಕಿಕೊಂಡೂ ಹಾಕಿಕೊಳ್ಳದೆಯೂ ಇರಲಾರ. ಹಾಗಾಗಿ ಅವನ ಬದಲಿಗೆ ಇನ್ನೊಬ್ಬನನ್ನು ಹುಡುಕಬೇಕು. ಎಲ್ಲ ವಿಷಯದಲ್ಲೂ ಅವನಂತೆಯೇ ಇರಬೇಕು, ಹಾರ ಮಾತ್ರ ಇರಬಾರದು. ಆ ಇನ್ನೊಬ್ಬನಿಗೆ, ಅಥವಾ ಆ ಇನ್ನೊಂದು ಗುಂಪಿಗೆ, ನಿಯಂತ್ರಣ ಗುಂಪು ಎಂದು ಹೆಸರು.

ಇದನ್ನು ನಾನು ಕನ್ನಡ ಶಾಲೆಯಲ್ಲೇ ಕಲಿಯಬೇಕಾಗಿತ್ತು. ಲೋಟದಲ್ಲಿ ಪಟ್ಟಿಗೆ ಮೂರು ಹುರುಳಿಕಾಯಿ ಬೀಜ ಕಟ್ಟಿ, ಒಂದು ನೀರಿನೊಳಗೆ, ಒಂದು ನೀರಿನ ಮಟ್ಟಕ್ಕೆ, ಒಂದು ನೀರಿನ ಮೇಲೆ ಇಡುವ ಪ್ರಯೋಗ ನಿಮಗೂ ನೆನಪಿರಬಹುದು. ಉದ್ದೇಶ, ವಿಧಾನ, ವೀಕ್ಷಣೆ, ನಿರ್ಣಯ ಎಂದು ನಾಲ್ಕು ತಲೆಬರಹ ಹಾಕಿ ಪುಸ್ತಕದಿಂದ ಇಳಿಸಿ ಹತ್ತಕ್ಕೆ ಹತ್ತು ತೆಗೆದುಕೊಂಡೆ. ಬೀಜ ಮಾತ್ರ ಇಡಲಿಲ್ಲ. ಮೂರು ಬೀಜ ಯಾಕೆ, ಒಂದು ಸಾಲದೇ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಗೆಳೆಯನನ್ನು ನೋಡಲು ದಿನವೂ ಮಲಾಡಿನಿಂದ ಸ್ಲೋ ಗಾಡಿ ಹಿಡಿದು ಪ್ರಭಾದೇವಿಯಲ್ಲಿ ಇಳಿದು ಪರೇಲಿಗೆ ನಡೆಯುತ್ತಿದ್ದೆ. ಅಲ್ಲಿ ಹಾಫ್ಕಿನ್ ಸಂಸ್ಥೆ ಎಂಬ ಬೋರ್ಡು ಕಣ್ಣಿಗೆ ಬಿತ್ತು. ಯಾರು ಈ ಹಾಫ್ಕಿನ್ ಎಂದು ಹುಡುಕಹೋದಾಗ, ನಾನು ಕೇಳುತ್ತಿದ್ದ ಪ್ರಶ್ನೆಯನ್ನೇ ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಇದೇ ಮುಂಬಯಿಯಲ್ಲಿ, ಇದೇ ಇಲಿಗಳ ದೆಸೆಯಿಂದ, ಕೇಳಿದ್ದರೆಂದು ತಿಳಿಯಿತು.

1896ರ ಸೆಪ್ಟೆಂಬರಿನಲ್ಲಿ ಮಾಂಡವಿ ಬಂದರಿನ ಬಳಿ ಹಬ್ಬುತ್ತಿದ್ದ ಜ್ವರ ಪ್ಲೇಗು ಎಂದು ಡಾ. ಅಕಾಸಿಯೊ ವಿಯೇಗಸ್ ಗುರುತಿಸಿದರು. ಮುಂಬಯಿಯ ಜನ ಗಂಟುಮೂಟೆ ಕಟ್ಟಿ ಓಡಿದರು. ರೋಗವೂ ಅವರ ಸಂಗಡ ಗಾಡಿ ಹತ್ತಿತು. 1898ರ ಹೊತ್ತಿಗೆ ಹುಬ್ಬಳ್ಳಿ, ಧಾರವಾಡ, ಬೆಂಗಳೂರು ಎಲ್ಲ ಕಡೆ ಪ್ಲೇಗು. ನಮ್ಮ ಗದಗಿನ ಕಡೆ ಮುದುಕರು ಇಂದಿಗೂ "ಇಲಿ ಬಿದ್ದರ ಊರ ಬಿಡು" ಎಂದು ಹಳೆಯವರ ಮಾತು ಹೇಳುತ್ತಾರೆ. ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದರು. ಅಲ್ಲಲ್ಲಿ ಪ್ಲೇಗಮ್ಮನ ಗುಡಿ ಎದ್ದವು.

ಅನಂತಮೂರ್ತಿಯವರ 'ಸಂಸ್ಕಾರ' (1965) ನಮ್ಮ ಕೂಟದ ಎಲ್ಲರೂ ಓದಿದ್ದೀರಿ. ಅಲ್ಲಿ ಅಗ್ರಹಾರದಲ್ಲಿ ಇಲಿಗಳು ಸಾಯುತ್ತವೆ, ಹದ್ದುಗಳು ಇಳಿಯುತ್ತವೆ, ಆಮೇಲೆ ಮನುಷ್ಯರು ಸಾಯುತ್ತಾರೆ. ನಾರಣಪ್ಪನ ಹೆಣ ಸಂಸ್ಕಾರವಾಗದೆ ಬಿದ್ದಿರುವುದೇ ಈ ಅನಿಷ್ಟಕ್ಕೆ ಕಾರಣ ಎಂದು ಬ್ರಾಹ್ಮಣರು ತಿಳಿಯುತ್ತಾರೆ. ಓದುವ ನಮಗೆ ಕಾರಣ ಪ್ಲೇಗು ಎಂದು ಗೊತ್ತು. ಗಮನಿಸಿ: ಕಣ್ಣಿಗೆ ಕಂಡ ಸಂಗತಿ ಒಂದೇ, ವಿವರಣೆ ಎರಡು. ಹೀಗೆ ಕಂಡದ್ದಕ್ಕೆ ನಾವು ತಾತ್ಕಾಲಿಕವಾಗಿ ಕೊಡುವ ವಿವರಣೆಗೆ ಪೂರ್ವಕಲ್ಪನೆ ಎಂದು ಹೆಸರು. ಪೂರ್ವಕಲ್ಪನೆ ಯಾರು ಬೇಕಾದರೂ ಮಾಡಬಹುದು, ಅದಕ್ಕೆ ಪದವಿ ಬೇಕಿಲ್ಲ. ಆದರೆ ವಿಜ್ಞಾನಿ ಒಪ್ಪುವ ಪೂರ್ವಕಲ್ಪನೆಗೆ ಒಂದು ಷರತ್ತು ಉಂಟು. ಅದು ಸುಳ್ಳಾಗಿದ್ದರೆ ಸುಳ್ಳೆಂದು ತೋರಿಸಿಕೊಡುವ ಒಂದು ದಾರಿ ಇರಬೇಕು. "ಇದು ನಿಜವಾದರೆ ಹೀಗಾಗಬೇಕು, ಹೀಗಾಗದಿದ್ದರೆ ಇದು ನಿಜವಲ್ಲ" ಎಂದು ಮೊದಲೇ ಬಾಯಿ ಬಿಟ್ಟು ಹೇಳಬೇಕು. ಹಾರ ಬೆಳೆದರೆ ಹಾರದ ಮಹಿಮೆ, ಬೆಳೆಯದಿದ್ದರೆ ರೋಗಿಯ ಪಥ್ಯದ ದೋಷ ಎಂದರೆ, ಅದು ಎರಡೂ ಕೈಯಲ್ಲಿ ಲಾಡು.

ಪ್ಲೇಗಿನ ರೋಗಾಣುವನ್ನು 1894ರಲ್ಲೇ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಕಂಡಿದ್ದ. ಅದು ಇಲಿಯಿಂದ ಮನುಷ್ಯನಿಗೆ ದಾಟುವುದು ಹೇಗೆ? ಕೊಳಕಿನಿಂದ, ನೆಲದ ಮಣ್ಣಿನಿಂದ, ಗಾಳಿಯಿಂದ, ಮುಟ್ಟುವುದರಿಂದ ಎಂದೆಲ್ಲ ವಾದಗಳಿದ್ದವು. 1898ರಲ್ಲಿ ಕರಾಚಿಯಲ್ಲಿ ಸಿಮೊಂ ಎಂಬ ಫ್ರೆಂಚ್ ವೈದ್ಯ ಇಲಿಯ ಮೈಮೇಲಿನ ಚಿಗಟವೇ ದಾಟಿಸುತ್ತದೆ ಎಂದ. ಚಿಗಟ ಹತ್ತಿದ, ಪ್ಲೇಗು ತಗುಲಿದ ಇಲಿಯನ್ನು ಗಾಜಿನ ಭರಣಿಯಲ್ಲಿಟ್ಟು, ಅದನ್ನು ಮುಟ್ಟಲಾಗದಂತೆ ಆರೋಗ್ಯವಂತ ಇಲಿಯೊಂದನ್ನು ತಂತಿ ಪಂಜರದಲ್ಲಿ ಇಳಿಬಿಟ್ಟ. ಮುಟ್ಟದಿದ್ದರೂ ಎರಡನೆಯ ಇಲಿಗೆ ರೋಗ ಬಂತು. ಬಹಳ ಮಂದಿ ನಂಬಲಿಲ್ಲ. ನಂಬದಿದ್ದದ್ದು ಪೂರ್ತಿ ತಪ್ಪೂ ಅಲ್ಲ; ಒಂದೆರಡು ಇಲಿಯ ಮೇಲೆ ಇಡೀ ಸಿದ್ಧಾಂತ ನಿಲ್ಲಿಸಲಾಗುವುದಿಲ್ಲ.

ಮುಂದಿನ ಹೆಜ್ಜೆ ಮುಂಬಯಿಯಲ್ಲಿ ಬಿತ್ತು. ಭಾಯಖಳದ ಪ್ರಾಣಿ ಸಂಗ್ರಹಾಲಯದಲ್ಲಿ, ಅಂದರೆ ಈಗಿನ ರಾಣಿಬಾಗಿನಲ್ಲಿ, ಗಿನಿ ಹಂದಿಗಳು ಪ್ಲೇಗಿನಿಂದ ಸತ್ತವು. ಗಿನಿ ಹಂದಿ ಎಂದರೆ ಹಂದಿಯಲ್ಲ, ಮೊಲದಂಥ ಒಂದು ಸಣ್ಣ ಪ್ರಾಣಿ. ಡಾ. ಲಿಸ್ಟನ್ ಅವುಗಳ ಮೈ ನೋಡಿದರೆ ಅಲ್ಲಿ ಇಲಿಯ ಚಿಗಟ! ಇಲಿಗಳು ಸತ್ತ ಮೇಲೆ ಹಸಿದ ಚಿಗಟ ಸಿಕ್ಕ ಪ್ರಾಣಿಯನ್ನು ಏರುತ್ತದೆ ಎಂದು ಅವರು 1904ರಲ್ಲಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮುಂದೆ ವಿವರಿಸಿದರು.

1905ರಿಂದ ಪ್ಲೇಗು ಸಂಶೋಧನಾ ಆಯೋಗ ಪರೇಲಿನಲ್ಲಿ ಕೆಲಸ ಹಿಡಿಯಿತು. ಅವರು ಮಾಡಿದ ಪ್ರಯೋಗ ಓದಿದಾಗ ನನಗೆ ನನ್ನ ಮೂರು ಬೀಜಗಳ ಅರ್ಥವಾಯಿತು. ಆರು ಗುಡಿಸಲು ಕಟ್ಟಿಸಿದರು. ಆರೂ ಒಂದೇ ಥರ, ಮಾಡು ಮಾತ್ರ ಬೇರೆ. ಎರಡಕ್ಕೆ ಇಲಿಗಳು ಸಲೀಸಾಗಿ ಮನೆ ಮಾಡುವ ನಾಡಹೆಂಚು, ಎರಡಕ್ಕೆ ಇಲಿಗೆ ಅಷ್ಟು ಅನುಕೂಲವಲ್ಲದ ಚಪ್ಪಟೆ ಹೆಂಚು, ಉಳಿದೆರಡಕ್ಕೆ ತಗಡು. ಮಾಡಿನ ಕೆಳಗೆ ತಂತಿಬಲೆ ಬಡಿದರು. ಇಲಿ ಕೆಳಗೆ ಬೀಳುವ ಹಾಗಿಲ್ಲ, ಚಿಗಟ ಬೀಳಬಹುದು. ಇಲಿಗಳು ಮಾಡಿನಲ್ಲಿ ನೆಲೆಸಲು ಬೇಕಾದಷ್ಟು ದಿನ ಬಿಟ್ಟು, ಕೆಳಗೆ ಪ್ಲೇಗು ತಗುಲಿಸಿದ ಗಿನಿ ಹಂದಿಗಳನ್ನೂ ಆರೋಗ್ಯವಂತ ಗಿನಿ ಹಂದಿಗಳನ್ನೂ ಒಟ್ಟಿಗೆ ಬಿಟ್ಟರು. ಹೆಂಚಿನ ಗುಡಿಸಲುಗಳಲ್ಲಿ ಚಿಗಟ ಇತ್ತು, ಆರೋಗ್ಯವಂತ ಪ್ರಾಣಿಗಳಿಗೆ ಪ್ಲೇಗು ಬಂತು. ಚಿಗಟವಿಲ್ಲದ ತಗಡಿನ ಗುಡಿಸಲುಗಳಲ್ಲಿ ಅವೇ ರೋಗಿಗಳ ಪಕ್ಕ, ಅವೇ ಮಲಮೂತ್ರದ ನಡುವೆ ಬದುಕಿದರೂ ರೋಗ ಹರಡಲಿಲ್ಲ.

ಒಂದೇ ಏಟಿಗೆ ಎಷ್ಟು ವಾದ ಬಿದ್ದವು ನೋಡಿ. ಮುಟ್ಟುವುದು ಕಾರಣವಾಗಿದ್ದರೆ ತಗಡಿನ ಗುಡಿಸಲಲ್ಲೂ ಹರಡಬೇಕಿತ್ತು. ಕೊಳಕು ಕಾರಣವಾಗಿದ್ದರೂ ಹರಡಬೇಕಿತ್ತು. ಅಲ್ಲಿ ಎಲ್ಲವೂ ಇತ್ತು, ಚಿಗಟ ಒಂದು ಇರಲಿಲ್ಲ. ಪ್ರತಿಯೊಂದರಲ್ಲೂ ಎರಡೆರಡು ಗುಡಿಸಲು ಏಕೆ? ಒಂದೇ ಇದ್ದರೆ ಏನೋ ಆಕಸ್ಮಿಕ ಎಂದು ಬಿಡಬಹುದು, ಎರಡರಲ್ಲೂ ಹಾಗೇ ಆದರೆ ಹಾಗೆನ್ನುವುದು ಕಷ್ಟ.

ಅಷ್ಟಕ್ಕೇ ಬಿಡಲಿಲ್ಲ. ಚಿಗಟವೇ ಕಾರಣವಾದರೆ ಅದು ಹಾರಲಾಗದ ಎತ್ತರದಲ್ಲಿರುವ ಪ್ರಾಣಿಗೆ ರೋಗ ಬರಬಾರದು ಎಂದು ತರ್ಕಿಸಿದರು. ಒಂದು ಪಂಜರವನ್ನು ನೆಲದಿಂದ ಎರಡು ಅಂಗುಲ ಮೇಲೆ, ಇನ್ನೊಂದನ್ನು ಎರಡು ಅಡಿ ಮೇಲೆ ತೂಗುಹಾಕಿದರು. ಎರಡು ಅಂಗುಲದಲ್ಲಿದ್ದದ್ದಕ್ಕೆ ರೋಗ ಬಂತು, ಎರಡು ಅಡಿಯಲ್ಲಿದ್ದದ್ದು ಉಳಿಯಿತು. ಪಂಜರದ ಸುತ್ತ ನೊಣ ಹಿಡಿಯುವ ಅಂಟು ಕಾಗದ ಹಾಸಿಯೂ ನೋಡಿದರು. ಅಂಟಿನ ಬೇಲಿ ಚಿಗಟವನ್ನು ತಡೆಯಿತು, ಒಳಗಿನ ಪ್ರಾಣಿಗೆ ರಕ್ಷಣೆ ಸಿಕ್ಕಿತು. ಪೂರ್ವಕಲ್ಪನೆಯನ್ನು ಪರೀಕ್ಷಿಸುವುದೆಂದರೆ ಹೀಗೆ: ಅದನ್ನು ಹೊಗಳಲು ಸಾಕ್ಷಿ ಕೂಡಿಹಾಕುವುದಲ್ಲ, ಅದು ಬೀಳಬಹುದಾದ ಜಾಗಕ್ಕೇ ಮತ್ತೆ ಮತ್ತೆ ತಂದು ನಿಲ್ಲಿಸುವುದು.

ಗಿನಿ ಹಂದಿಯನ್ನೇನೋ ಪಂಜರದಲ್ಲಿ ಇಡಬಹುದು. ಮನುಷ್ಯರ ವಿಷಯದಲ್ಲಿ? ಹಾಫ್ಕಿನ್ ಕಥೆ ಬರುವುದು ಇಲ್ಲಿ. ಚಿಗಟದ ಪತ್ತೆ ಆಗುವುದಕ್ಕೂ ಮೊದಲೇ, 1896ರ ಅಕ್ಟೋಬರಿನಲ್ಲಿ ಆತ ಮುಂಬಯಿಗೆ ಬಂದು ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪ್ಲೇಗಿನ ಲಸಿಕೆ ತಯಾರಿಸಲು ಕುಳಿತ. 1897ರ ಜನವರಿ 10ರಂದು ಮೊದಲ ಸೂಜಿ ತನಗೇ ಚುಚ್ಚಿಕೊಂಡ. ಧೈರ್ಯ ದೊಡ್ಡದು, ನಿಜ. ಆದರೆ ಅದರಿಂದ ಲಸಿಕೆ ಪ್ರಾಣ ತೆಗೆಯುವುದಿಲ್ಲ ಎಂದು ತಿಳಿಯಿತೇ ಹೊರತು ಪ್ಲೇಗನ್ನು ತಡೆಯುತ್ತದೆ ಎಂದು ತಿಳಿಯಲಿಲ್ಲ. ಆ ತಿಂಗಳ ಕೊನೆಯಲ್ಲಿ ಭಾಯಖಳ ಜೈಲಿಗೆ ಪ್ಲೇಗು ನುಗ್ಗಿತು. ಕೈದಿಗಳಲ್ಲಿ ಒಪ್ಪಿದವರಿಗೆ ಲಸಿಕೆ ಹಾಕಿದರು. ಹೆಚ್ಚುಕಡಿಮೆ ಅರ್ಧ ಜನ ಒಪ್ಪಿದರು. ಎಲ್ಲರಿಗೂ ಅದೇ ಗೋಡೆ, ಅದೇ ಊಟ. ಲಸಿಕೆ ಹಾಕಿಸಿಕೊಳ್ಳದವರಲ್ಲಿ ರೋಗ ಹೆಚ್ಚು ಕಂಡಿತು.

ಇಲ್ಲಿ ಒಂದು ತೂತು ಇದೆ. ತಾವಾಗಿ ಮುಂದೆ ಬಂದವರು ಮೊದಲೇ ಗಟ್ಟಿಮುಟ್ಟಾದವರೋ, ಎಚ್ಚರಿಕೆಯವರೋ ಆಗಿದ್ದರೆ? ಆಗ ಉಳಿಸಿದ್ದು ಲಸಿಕೆಯೋ ಅವರ ಗಟ್ಟಿತನವೋ ಹೇಳಲಾಗುವುದಿಲ್ಲ. ಊರಿಗೆ ಊರೇ ಲಸಿಕೆ ಹಾಕಿಸಿಕೊಂಡರೂ ಇನ್ನೊಂದು ತೊಡಕು. ಅದೇ 1898ರಲ್ಲಿ ಹುಬ್ಬಳ್ಳಿ, ಧಾರವಾಡ, ಗದಗಿನಲ್ಲಿ ಸಾವಿರಾರು ಜನ ಹಾಕಿಸಿಕೊಂಡರು. ಒಳ್ಳೆಯದೇ ಆಯಿತು, ಆದರೆ ಹೋಲಿಸಿ ನೋಡಲು ಉಳಿಯುವವರು ಕಡಿಮೆಯಾಗುತ್ತ ಹೋಗುತ್ತಾರೆ, ಅವರೂ ಉಳಿದವರಂಥವರೇ ಎಂಬ ಭರವಸೆ ಇಲ್ಲ.

ಇದಕ್ಕೆ ಉತ್ತರವಾಗಿ ನಿಲ್ಲುವುದು ಬಡೋದೆ ಸಂಸ್ಥಾನದ ಉಂಢೇರಾ ಎಂಬ ಹಳ್ಳಿ. ಸುಮಾರು ಸಾವಿರ ಜನರ ಊರು. ಪ್ಲೇಗು ಆಗಲೇ ಕಾಲಿಟ್ಟಿತ್ತು. 1898ರ ಫೆಬ್ರವರಿಯಲ್ಲಿ ಹಾಫ್ಕಿನ್ ಅಲ್ಲಿ ಮನೆಮನೆಯವರನ್ನೂ ಸಾಲಾಗಿ ಕೂರಿಸಿ, ಪ್ರತಿ ಮನೆಯಲ್ಲೂ ಗಂಡಸು, ಹೆಂಗಸು, ಮಕ್ಕಳು ಸಮನಾಗಿ ಬರುವಂತೆ ಅರ್ಧ ಜನಕ್ಕೆ ಲಸಿಕೆ ಹಾಕಿ ಅರ್ಧ ಜನರನ್ನು ಬಿಟ್ಟ. ಒಂದೇ ಸೂರು, ಒಂದೇ ಒಲೆ, ಒಂದೇ ಇಲಿ. ಮುಂದೆ ಪ್ಲೇಗು ಹೊಕ್ಕ 28 ಮನೆಗಳ ಲೆಕ್ಕ ಹೀಗಿದೆ. ಲಸಿಕೆ ಹಾಕಿದ 71 ಜನರಲ್ಲಿ 8 ಮಂದಿಗೆ ರೋಗ ಬಂತು, 3 ಮಂದಿ ಸತ್ತರು. ಹಾಕದ 64 ಜನರಲ್ಲಿ 27 ಮಂದಿಗೆ ರೋಗ ಬಂತು, 26 ಮಂದಿ ಸತ್ತರು.

ಲೆಕ್ಕದ ಹುಡುಗನಾದ ನಾನು ಶೇಕಡಾ ತೆಗೆಯದೆ ಬಿಡಲಾರೆ. ಲಸಿಕೆಯವರಲ್ಲಿ ನೂರಕ್ಕೆ ಸುಮಾರು 4 ಸಾವು, ಲಸಿಕೆ ಇಲ್ಲದವರಲ್ಲಿ ನೂರಕ್ಕೆ ಸುಮಾರು 41. ಲಸಿಕೆ ಹಾಕಿದವರೂ ಸತ್ತಿದ್ದಾರೆ, ಹಾಕದವರೂ ಬದುಕಿದ್ದಾರೆ ಎಂಬುದನ್ನು ಗಮನಿಸಿ. "ನಮ್ಮ ಮಾವ ಹಾಕಿಸಿಕೊಂಡೂ ಸತ್ತ" ಎಂದು ಒಬ್ಬ, "ನಾನು ಹಾಕಿಸಿಕೊಳ್ಳದೆಯೂ ಬದುಕಿದೆ" ಎಂದು ಇನ್ನೊಬ್ಬ ಉಂಢೇರಾದ ಕಟ್ಟೆಯ ಮೇಲೆ ಕುಳಿತು ವಾದಿಸಬಹುದಿತ್ತು, ಇಬ್ಬರದೂ ಸತ್ಯವೇ. ಒಬ್ಬೊಬ್ಬರ ಕಥೆಯಿಂದ ಏನೂ ತಿಳಿಯುವುದಿಲ್ಲ. ಎರಡು ಗುಂಪನ್ನು ಪಕ್ಕಪಕ್ಕದಲ್ಲಿ ಇಟ್ಟಾಗ ಮಾತ್ರ ತಿಳಿಯುತ್ತದೆ.

ಇದೇ ತರ್ಕ ಮುಂದೆ ಹಾಫ್ಕಿನ್‌ನನ್ನು ಕಾಪಾಡಬೇಕಾಗಿ ಬಂತು. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮಲ್ಕೋವಾಲ್ ಎಂಬಲ್ಲಿ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ಲಸಿಕೆಯೇ ಕೊಂದಿತು ಎಂದು ಗುಲ್ಲಾಗಿ ಆತ ಕೆಲಸ ಕಳೆದುಕೊಂಡ. ಆದರೆ ಆ ದಿನ ಅಲ್ಲಿ ಲಸಿಕೆ ಪಡೆದವರು 107 ಜನ. ಸತ್ತ ಹತ್ತೊಂಬತ್ತೂ ಜನ ಒಂದೇ ಬಾಟಲಿಯಿಂದ ಪಡೆದವರು; ಬೇರೆ ಬಾಟಲಿಗಳಿಂದ ಪಡೆದ 88 ಜನರಿಗೆ ಧನುರ್ವಾಯು ಬರಲಿಲ್ಲ. ಆ ಬಾಟಲಿ ತೆರೆಯುವಾಗ ಚಿಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಿ ಮಾಡಿರಲಿಲ್ಲ. 88 ಜನರೇ ಇಲ್ಲಿ ನಿಯಂತ್ರಣ ಗುಂಪು. ಆತನ ಮೇಲಿನ ಕಳಂಕ ಕಳೆಯಲು 1907 ಬರಬೇಕಾಯಿತು. ಪರೇಲಿನ ಪ್ರಯೋಗಾಲಯಕ್ಕೆ ಆತನ ಹೆಸರಿಟ್ಟದ್ದು 1925ರಲ್ಲಿ.

ಮುಂದಿನವರು ಈ ಪದ್ಧತಿಯನ್ನು ಇನ್ನೂ ಬಿಗಿ ಮಾಡಿದ್ದಾರೆ. ಯಾರು ಯಾವ ಗುಂಪಿಗೆ ಎಂಬುದನ್ನು ಕಣ್ಣಳತೆಗೆ ಬಿಡದೆ ಚೀಟಿ ಎತ್ತಿದ ಹಾಗೆ ಅದೃಷ್ಟಕ್ಕೆ ಬಿಡುತ್ತಾರೆ. ಆಗ ನಮ್ಮ ಒಲವು ಒಳಗೆ ನುಸುಳುವುದಿಲ್ಲ. ನಿಯಂತ್ರಣ ಗುಂಪಿಗೆ ನೋಡಲು ಔಷಧದಂತೆಯೇ ಇರುವ ಸಪ್ಪೆ ಗುಳಿಗೆ ಕೊಡುತ್ತಾರೆ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಪರೀಕ್ಷಿಸುವ ವೈದ್ಯನಿಗೂ ಗೊತ್ತಿಲ್ಲ. ಗೊತ್ತಿದ್ದರೆ ನಮಗೆ ಬೇಕಾದ್ದೇ ಕಣ್ಣಿಗೆ ಕಾಣುತ್ತದೆ.

ಚೀಟಿ ಎತ್ತುವುದರಿಂದ ಏನು ಲಾಭ ಎನ್ನುವವರು 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಕ್ಷಯರೋಗ ಪ್ರಯೋಗವನ್ನು ನೋಡಬೇಕು. ಕ್ಷಯಕ್ಕೆ ಸ್ಯಾನಿಟೋರಿಯಮ್ಮಿನ ಹಾಸಿಗೆ, ಹಾಲುಮೊಟ್ಟೆ, ವಿಶ್ರಾಂತಿ ಇಲ್ಲದೆ ಆಗುವುದಿಲ್ಲ ಎಂಬುದು ಎಲ್ಲರ ನಂಬಿಕೆಯಾಗಿತ್ತು. ಅಲ್ಲಿ ಬಡ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಸ್ಯಾನಿಟೋರಿಯಮ್ಮಿಗೆ ಸೇರಿಸಿದರು, ಇನ್ನೊಂದಕ್ಕೆ ಅವರ ಗಿಜಿಗುಟ್ಟುವ ಮನೆಗಳಲ್ಲೇ ಅದೇ ಮಾತ್ರೆ ಕೊಟ್ಟರು. 1959ರಲ್ಲಿ ಫಲಿತಾಂಶ ಬಂತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಗುಣ ಮಾಡಿದ್ದು ಮಾತ್ರೆ, ಹಾಸಿಗೆಯಲ್ಲ. ಹಾಸಿಗೆ ಸಿಗದ ಬಡವರಿಗೆ ಇದಕ್ಕಿಂತ ದೊಡ್ಡ ಸುದ್ದಿ ಇನ್ನೇನಿದೆ?

ನಮ್ಮ ವಾಣಿಜ್ಯ ಮಿತ್ರರಿಗೆ ಒಂದು ಮಾತು. ಟ್ರಯಲ್ ಬ್ಯಾಲೆನ್ಸ್ ತಾಳೆಯಾಯಿತು ಎಂದ ಮಾತ್ರಕ್ಕೆ ಲೆಕ್ಕ ಸರಿ ಎಂದಲ್ಲ, ಒಂದು ತಪ್ಪನ್ನು ಇನ್ನೊಂದು ತಪ್ಪು ಸರಿದೂಗಿಸಿರಬಹುದು ಎಂದು ನಮ್ಮ ಪ್ರಾಧ್ಯಾಪಕರು ಹೇಳುತ್ತಾರೆ. ತಾಳೆಯಾಗದಿದ್ದರೆ ಮಾತ್ರ ಎಲ್ಲೋ ತಪ್ಪಿದೆ ಎಂದು ಖಾತ್ರಿ. ಪೂರ್ವಕಲ್ಪನೆಯೂ ಹಾಗೇ. ಒಂದು ಪರೀಕ್ಷೆಯಲ್ಲಿ ಪಾಸಾದರೆ ಸದ್ಯಕ್ಕೆ ಉಳಿಯಿತು ಎಂದರ್ಥ, ಗೆದ್ದಿತು ಎಂದಲ್ಲ. ಇನ್ನು ಹಾರದ ಅಜ್ಜನ ಲೆಕ್ಕಪುಸ್ತಕ ನೋಡಿ. ವಾಸಿಯಾದವರು ತೆಂಗಿನಕಾಯಿ ತರುತ್ತಾರೆ. ವಾಸಿಯಾಗದವರು ಬರುವುದೇ ಇಲ್ಲ. ಜಮಾ ಬದಿ ಮಾತ್ರ ಇರುವ ಪುಸ್ತಕ ಅದು. ಅಜ್ಜ ಮೋಸಗಾರನಲ್ಲ. ಖರ್ಚಿನ ಬದಿ ಅವನ ಕಣ್ಣಿಗೆ ಬಿದ್ದೇ ಇಲ್ಲ.

ಕೊನೆಗೆ ನಾನೂ ಒಂದು ಪ್ರಯೋಗ ಮಾಡಿದೆ. ಹಾರ ಕಾಮಾಲೆಯನ್ನು ಎಳೆದುಕೊಂಡು ಬೆಳೆಯುತ್ತದೆ ಎಂಬುದು ಒಂದು ಪೂರ್ವಕಲ್ಪನೆ. ಅದು ನಿಜವಾದರೆ ಕಾಮಾಲೆ ಇಲ್ಲದ ಕಡೆ ಬೆಳೆಯಬಾರದು. ಹಸಿ ಕಡ್ಡಿ ಒಣಗಿ ಸಣ್ಣದಾಗಿ, ಗಂಟು ಸಡಿಲಾಗಿ, ದಾರ ಜಾರಿ ಉದ್ದವಾಗುತ್ತದೆ ಎಂಬುದು ನನ್ನ ಪೂರ್ವಕಲ್ಪನೆ. ಅದು ನಿಜವಾದರೆ ಒಣಗದಂತೆ ಇಟ್ಟ ಹಾರ ಬೆಳೆಯಬಾರದು. ಅಜ್ಜನಿಗೆ ಮುಚ್ಚಿಡದೆ ಹೇಳಿದೆ. ನಕ್ಕು ಕಟ್ಟಿಕೊಟ್ಟ. ಮೊದಲ ಸಲ ಮೂರ್ಖನಂತೆ ಆರಂಭದಲ್ಲಿ ಅಳತೆ ಮಾಡುವುದನ್ನೇ ಮರೆತೆ, ಎಲ್ಲ ವ್ಯರ್ಥವಾಯಿತು. ಎರಡನೆಯ ಸಲ ಒಂದೇ ಗಿಡದ ಕಡ್ಡಿಯ, ಹದಿನೆಂಟು ಇಂಚಿನ ಮೂರು ಹಾರ. ಒಂದು ಆರೋಗ್ಯವಾಗಿದ್ದ ನನ್ನ ಕೊರಳಿಗೆ, ಒಂದು ಗೋಡೆಯ ಮೊಳೆಗೆ, ಒಂದು ಒದ್ದೆ ಬಟ್ಟೆಯಲ್ಲಿ ಸುತ್ತಿ ಮುಚ್ಚಳದ ಡಬ್ಬಿಗೆ. ಏಳನೆಯ ದಿನ, ಯಾವುದು ಎಲ್ಲಿಯದೆಂದು ಹೇಳದೆ ಅವ್ವನ ಕೈಗೆ ಟೇಪು ಕೊಟ್ಟು ಅಳೆಸಿದೆ. ನನ್ನ ಕೊರಳಿನದು ಇಪ್ಪತ್ತೇಳು ಇಂಚು. ಮೊಳೆಯದು ಇಪ್ಪತ್ತೆಂಟು. ಡಬ್ಬಿಯದು ಹತ್ತೊಂಬತ್ತು. ಗುಟ್ಟು ಹೇಳಿದ ಮೇಲೆ ಅವ್ವ ಮೊಳೆಯನ್ನೇ ನೋಡುತ್ತ, "ಗ್ವಾಡಿಗೂ ಕಾಮಾಲಿ ಆಗಿತ್ತೇನೋ?" ಎಂದಳು.

ಇದರ ಮಿತಿಯನ್ನೂ ಹೇಳಬೇಕು. ಪ್ರತಿಯೊಂದಕ್ಕೂ ಒಂದೊಂದೇ ಹಾರ ಇತ್ತು, ಇನ್ನೂ ಹತ್ತು ಸಲ ಮಾಡಬೇಕು. ಡಬ್ಬಿಯ ಹಾರ ಹಸಿರಾಗಿಯೇ ಇದ್ದದ್ದರಿಂದ ಅವ್ವನಿಗೆ ಅದು ಗೊತ್ತಾಗಿರಬಹುದು. ಹಾರದಿಂದ ಕಾಮಾಲೆ ವಾಸಿಯಾಗುವುದೇ ಇಲ್ಲ ಎಂದು ಇದರಿಂದ ಸಿದ್ಧವಾಗಲಿಲ್ಲ. ಅದಕ್ಕೆ ರೋಗಿಗಳ ಎರಡು ಗುಂಪು ಬೇಕು, ಚೀಟಿ ಬೇಕು. ಸಿದ್ಧವಾದದ್ದು ಇಷ್ಟೇ: ನಾನು ಕಣ್ಣಾರೆ ಕಂಡೆ ಎಂದು ಊರೆಲ್ಲ ಸಾರಿದ ಸಾಕ್ಷಿ ಸಾಕ್ಷಿಯೇ ಆಗಿರಲಿಲ್ಲ. ಇದನ್ನು ತಿಳಿಯಲು ಬೇಕಾಗಿದ್ದದ್ದು ಒಂದು ಮೊಳೆ.

ಉಂಢೇರಾದ ಆ 26 ಜನರ ವಿಷಯ ಮನಸ್ಸಿನಿಂದ ಹೋಗುವುದಿಲ್ಲ. ಅದೇ ಮನೆಯ ಪಕ್ಕದ ಚಾಪೆಯವರಿಗೆ ಸಿಕ್ಕ ಸೂಜಿ ಅವರಿಗೆ ಸಿಗಲಿಲ್ಲ. ಇಂದು ಹಾಗೆ ಮಾಡಲು ಬಿಡುವುದಿಲ್ಲ. ತಿಳಿಸಿ ಹೇಳಿ ಒಪ್ಪಿಗೆ ಪಡೆಯಬೇಕು, ನೈತಿಕ ಸಮಿತಿ ನೋಡಬೇಕು, ಒಂದು ಕಡೆ ಲಾಭ ಸ್ಪಷ್ಟವಾದರೆ ಪ್ರಯೋಗ ನಿಲ್ಲಿಸಬೇಕು. ಆದರೂ ಲಸಿಕೆ ಪ್ರಾಣ ಉಳಿಸುತ್ತದೆ ಎಂದು ನಾವು ಧೈರ್ಯವಾಗಿ ಹೇಳುವುದು ಅವರ ಲೆಕ್ಕದಿಂದ. ಅವರ ಸಾವಿನಿಂದ ಲೋಕಕ್ಕೆ ಒಂದು ವಿಷಯ ತಿಳಿಯಿತು. ನಾನು ನನ್ನ ಗೆಳೆಯನ ನಾಲ್ಕು ದಿನ ಕಳೆದೆ, ಅದರಿಂದ ಯಾರಿಗೂ ಏನೂ ತಿಳಿಯುವಂತಿರಲಿಲ್ಲ.

ಗೆಳೆಯ ಈಗ ಚೆನ್ನಾಗಿದ್ದಾನೆ, ಕೆಲಸಕ್ಕೆ ಹೋಗುತ್ತಾನೆ. ಈ ಲೇಖನವನ್ನು ಅವನಿಗೆ ಓದಿ ತೋರಿಸಿದೆ. ತನ್ನ ಹೆಸರು ಹಾಕಬೇಡ, ಆದರೆ ಒಂದು ಸಾಲು ಸೇರಿಸು ಎಂದ. ಸೇರಿಸುತ್ತಿದ್ದೇನೆ: ಮಳೆನೀರಿನಲ್ಲಿ ನಡೆದ ಮೇಲೆ ಜ್ವರ ಬಂದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ, ನೀರಿನಲ್ಲಿ ನಡೆದದ್ದನ್ನು ಮರೆಯದೆ ಹೇಳಿ. ಕರೆದುಕೊಂಡು ಹೋಗುವ ಗೆಳೆಯ ಏನು ಹೇಳಿದರೂ ಕೇಳಬೇಡಿ.

ನನ್ನ ತಿಳಿವಳಿಕೆ ಇಷ್ಟೇ. ತಪ್ಪಿದ್ದರೆ ವಿಜ್ಞಾನ ಶಾಖೆಯ ಮಿತ್ರರು ಮುಂದಿನ ಸಂಚಿಕೆಯಲ್ಲಿ ತಿದ್ದಬೇಕು.